ನಿಂತರೆ ಆರುವ ದೀಪ

ನಮ್ಮ ಭಾವನವರಿಗೆ ಮೋಟಾರ್ ಸೈಕಲ್ ಓಡಿಸಲು ಬರುತ್ತಿತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಓಡಿಸುವುದು ಯಾರಿಗೆ ಬರುವುದಿಲ್ಲ? ಅವರಿಗೆ ಬರುತ್ತಿದ್ದುದು ನಿಲ್ಲಿಸುವುದು! ಆ ವಿದ್ಯೆಯಲ್ಲಿ ಆದವಾನಿಯಿಂದ ಕೋಸಗಿಯವರೆಗೆ ಅವರನ್ನು ಮೀರಿಸುವವರು ಇರಲಿಲ್ಲ. ಬೇರೆಯವರು ಊರು ಬಂದಾಗ ನಿಲ್ಲಿಸುತ್ತಾರೆ, ಎಮ್ಮೆ ಅಡ್ಡ ಬಂದಾಗ ನಿಲ್ಲಿಸುತ್ತಾರೆ. ನಮ್ಮ ಭಾವನವರು ಹತ್ತಿಕಾಯಿ ಒಡೆದದ್ದು ಕಂಡರೆ ನಿಲ್ಲಿಸುತ್ತಿದ್ದರು. ಅದೂ ಹೇಗೆ? ಬದಿಗೆ ಸರಿದು, ನಿಧಾನ ಮಾಡಿ, ಹಿಂದೆ ಮುಂದೆ ನೋಡಿಯೇ? ಊಹೂಂ. ನಟ್ಟನಡುರಸ್ತೆಯಲ್ಲಿ, ಕಂಡ ಕ್ಷಣಕ್ಕೆ, ಅಲ್ಲೇ! ಈಗ ನೀವೇ ಹೇಳಿ, ಆದವಾನಿ ಸುತ್ತಿನ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಒಡೆದ ಹತ್ತಿಕಾಯಿ ಕಾಣದ ಜಾಗ ಎಲ್ಲಿರುತ್ತದೆ?

ಅವರು ನನ್ನ ಅಕ್ಕನ ಗಂಡ. ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯ ಪರವಾಗಿ ಹಳ್ಳಿ ಹಳ್ಳಿ ಸುತ್ತಿ, ಹೊಲದಲ್ಲಿ ನಿಂತಿರುವ ಹತ್ತಿಯನ್ನು ನೋಡಿ, ಇದು ಬೇಕು ಅದು ಬೇಡ ಎಂದು ಹೇಳುವುದು ಅವರ ಕೆಲಸ. ಒಂದು ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದರೆ ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂಬುದು ಅವರಿಗೆ ಗೊತ್ತಾಗುತ್ತಿತ್ತು. ಎರಡನೇ ದೊಡ್ಡ ಲಡಾಯಿ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಒಂದು ಮೋಟಾರ್ ಸೈಕಲ್ಲು ಅವರ ಪಾಲಿಗೆ ಬಂತು. ಆಗಿನ್ನೂ ನಮ್ಮ ಆದವಾನಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ನಾನು ಓದು ಮುಗಿಸಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿ, ಅಕ್ಕನ ಮನೆಯಲ್ಲೇ ಇದ್ದೆ. ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ಹಾಸ್ಟೆಲಿನಿಂದ ಬಂದವಳು ಈ ಭಾವನವರ ಮನೆಗೆ ಬಿದ್ದದ್ದು ದೇವರ ತಮಾಷೆಯೇ ಇರಬೇಕು.

ಆ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಕುಳಿತದ್ದು ಒಂದೇ ಸಲ. ಪೆದ್ದಕಡುಬೂರಿನಲ್ಲಿ ಯಾರದೋ ಮದುವೆ. ಉಳಿದವರೆಲ್ಲ ಬಂಡಿಯಲ್ಲಿ ಹೋಗಿದ್ದರು. "ಬಾ ಟೀಚರಮ್ಮಾ, ತಾಳಿ ಕಟ್ಟೋದ್ರಾಗ ಮುಟ್ಟಸ್ತೀನಿ" ಎಂದರು ಭಾವನವರು. ಊರು ದಾಟಿದೆವು. ಗಾಳಿ ಚೆನ್ನಾಗಿತ್ತು. ಅಷ್ಟರಲ್ಲಿ ಎಡಗಡೆಯ ಹೊಲದಲ್ಲಿ ಏನು ಕಂಡಿತೋ, ಗಾಡಿ ನಿಂತಿತು. ನಾನು ನಿಲ್ಲಲಿಲ್ಲ! ಭಾವನವರ ಹೆಗಲ ಮೇಲಿಂದ ಹಾದು ನೇರ ಹತ್ತಿಹೊಲಕ್ಕೆ ಇಳಿದೆ. ಅವರು ಗಾಬರಿಯಿಂದ ಓಡಿಬಂದರು.

"ಅಯ್ಯಯ್ಯೋ, ಏಳು ಏಳು ಟೀಚರಮ್ಮಾ! ಆ ಗಿಡದ ಮ್ಯಾಲೆ ಯಾಕ ಕುಂತಿ? ಅದರ ಎಳಿ ಎಷ್ಟು ಉದ್ದ ಐತಿ ನೋಡು!"

ಮದುವೆಗೆ ನಾನು ನಡೆದುಕೊಂಡು ಹೋದೆ.

ನಿಲ್ಲಿಸುವುದು ಒಂದಾದರೆ ಕಿವಿ ಇನ್ನೊಂದು. ಹಳ್ಳಿ ಸುತ್ತುವ ಕೆಲಸಕ್ಕೆ ಮೊದಲು ಅವರು ವರ್ಷಗಟ್ಟಲೆ ಜಿನ್ನಿನ ಪಕ್ಕದಲ್ಲೇ ನಿಂತು ದುಡಿದವರು. ಆ ಯಂತ್ರದ ಸದ್ದು ಅವರ ಎಡಗಿವಿಯನ್ನು ಪೂರ್ತಿ ತಿಂದಿತ್ತು. ಬಲಗಿವಿ ಇತ್ತು. ಆದರೆ ಗಾಡಿ ಹತ್ತುವಾಗ ಅದಕ್ಕೆ ಒಂದು ಉಂಡೆ ಹತ್ತಿ ತುರುಕಿಕೊಳ್ಳುತ್ತಿದ್ದರು. "ಎಂಜಿನ್ ಸದ್ದಿಗೆ ಇದೂ ಹೋದ್ರ? ಉಳಿದದ್ದನ್ನ ಜ್ವಾಪಾನ ಮಾಡಬೇಕಲ್ಲ!" ಕಿವಿ ಉಳಿಸಿಕೊಳ್ಳುವುದಕ್ಕಾಗಿ ಕಿವುಡಾಗುವ ಮನುಷ್ಯನನ್ನು ನೀವು ಬೇರೆಲ್ಲಿಯಾದರೂ ಕಂಡಿದ್ದೀರಾ? ಹೀಗೆ ಗಾಡಿಯ ಮೇಲೆ ಕುಳಿತರೆ ಅವರ ಪಾಲಿಗೆ ಹಿಂದೆ ಎನ್ನುವ ದಿಕ್ಕೇ ಇರುತ್ತಿರಲಿಲ್ಲ.

ಆ ದಿಕ್ಕಿನಿಂದಲೇ ದಿನಾ ಸಂಜೆ ಕೋಸಗಿಯ ಬಸ್ಸು ಬರುತ್ತಿತ್ತು. ಪೆಟ್ರೋಲಿಗೆ ರೇಷನ್ ಇದ್ದ ಕಾಲ; ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು. ಏರಿಗೆ ಏದುಸಿರು, ಇಳಿಜಾರಿಗೆ ಹುಚ್ಚು. ಮುಂದಿನ ಲೈಟೋ, ಹಚ್ಚಿದೆಯೋ ಇಲ್ಲವೋ ಎಂದು ಹತ್ತಿರ ಹೋಗಿ ನೋಡಬೇಕು. ಭಾವನವರು ಮನೆಗೆ ಮರಳುವುದೂ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ.

ಒಂದು ಸಂಜೆ ಬಸ್ಸಿನ ಡ್ರೈವರ್ ಸಾಬರು ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕುಳಿತರು. ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು. ಅಕ್ಕ ನೀರು ಕೊಟ್ಟಳು.

"ಅಮ್ಮಾ, ಇವತ್ತು ಬಚಾವ್. ನಡುರಸ್ತೆದಾಗ ಗಾಡಿ ನಿಂತೈತಿ, ಲೈಟ್ ಇಲ್ಲ, ಏನಿಲ್ಲ. ಹಾರನ್ ಹೊಡದೆ, ಕೂಗಿದೆ, ಕ್ಲೀನರ್ ಹುಡುಗ ತಗಡು ಬಡದ. ನಿಮ್ಮ ಯಜಮಾನ್ರು ತಿರುಗೀನೂ ನೋಡ್ಲಿಲ್ಲ. ಒಂದು ಗೇಣು ಉಳದೈತಿ ಅಂದಾಗ ಬಸ್ ನಿಂತಿತು. ಇವತ್ತು ನನ್ನ ಬ್ರೇಕು ಮಾತು ಕೇಳಿತು. ನಾಳೆ ಏನಂತೈತೋ ನಂಗೊತ್ತಿಲ್ಲ."

ಸಾಬರು ಹೋದರು. ಅಕ್ಕನದು ಮೊದಲೇ ಮಾತು ಕಡಿಮೆ. ಮಾರನೆಯ ಬೆಳಿಗ್ಗೆ ಭಾವನವರು ಗಾಡಿಗೆ ಪೆಟ್ರೋಲು ಹಾಕಲು ಹೋದರೆ ಡಬ್ಬಿ ಇಲ್ಲ! ಹುಡುಕಿದರು. ಅದು ದೇವರ ಮನೆಯಲ್ಲಿ, ದೇವರ ಪಕ್ಕದಲ್ಲಿ ಕುಳಿತಿತ್ತು.

"ಏನಽ ಇದು? ದೀಪ ಹಚ್ಚೋ ಜಾಗದಾಗ ಪೆಟ್ರೋಲ್ ಇಟ್ಟೀಯಲ್ಲ! ಮನಿ ಸುಡಬೇಕಂತಿಯೇನು?"

"ದೀಪ ಹೊರಗ ಗೂಡಿನಾಗ ಇಟ್ಟೀನಿ. ಒಳಗ ಕತ್ತಲಿ" ಎಂದಳು ಅಕ್ಕ. "ನಿಮ್ಮ ಗಾಡಿ ಹಿಂದ ಒಂದು ದೀಪ ಹತ್ತಬೇಕು. ನೀವು ನಿಂತ್ರ, ನಿಂತೀನಿ ಅಂತ ಅದು ಹಿಂದಿನವ್ರಿಗೆ ಹೇಳಬೇಕು. ಅಲ್ಲೀಮಟ ದೇವ್ರೂ ಕತ್ತಲಾಗ ಕುಂತಿರ್ಲಿ, ಗಾಡೀನೂ ಅಂಗಳದಾಗ ನಿಂತಿರ್ಲಿ."

"ಹತ್ತಿ ಬಿಡಸೋ ಕಾಲ ಐತಿ ಇದು! ನಾನು ಹಳ್ಳಿಗೆ ಹೋಗೋದು ಹೆಂಗ?"

"ನಡಕೊಂಡು ಹೋಗ್ರಿ. ನಡಿಯೋವಾಗ ನಿಂತ್ರ ಯಾರೂ ಗುದ್ದಂಗಿಲ್ಲ."

ದೇವರ ಮನೆಗೆ ಸ್ನಾನ ಮಾಡದೆ ಹೋಗುವಂತಿರಲಿಲ್ಲ. ಸ್ನಾನ ಮಾಡಿಕೊಂಡು ಹೋಗಿ ದೇವರ ಎದುರಿಗೆ ಕಳ್ಳತನ ಮಾಡುವ ಧೈರ್ಯ ಭಾವನವರಿಗೆ ಇರಲಿಲ್ಲ. ಅಕ್ಕ ಎಲ್ಲವನ್ನೂ ಯೋಚಿಸಿಯೇ ಇಟ್ಟಿದ್ದಳು.

ಹೀಗೆ ಶುರುವಾಯಿತು ನಮ್ಮ ಅಂಗಳದ ದೀಪದ ಕಾರ್ಖಾನೆ. ಮಿಲಿಟರಿ ಗಾಡಿಗೆ ಹಿಂದೆ ಒಂದು ಪುಟ್ಟ ದೀಪವೇನೋ ಇತ್ತು, ಬೆಳಕು ಮಾತ್ರ ಇರಲಿಲ್ಲ. ಬ್ರೇಕ್ ಒತ್ತಿದಾಗ ಹತ್ತುವ ದೀಪವಂತೂ ಇಲ್ಲವೇ ಇಲ್ಲ. ಅಂಥದ್ದನ್ನು ಭಾವನವರು ಬೊಂಬಾಯಿಯ ಒಬ್ಬ ಹತ್ತಿ ಸಾಹುಕಾರರ ಕಾರಿನಲ್ಲಿ ನೋಡಿದ್ದರು. ನೋಡಿದ ಮೇಲೆ ಮಾಡುವುದೇನು ದೊಡ್ಡದು? ಒಂದು ಅಗಲವಾದ ಕೆಂಪು ಗಾಜಿನ ದೀಪ ತಂದರು. ಅದರೊಳಗೆ ಎರಡು ಬಲ್ಬು: ಒಂದು ಸದಾ ಉರಿಯುವುದಕ್ಕೆ, ಇನ್ನೊಂದು ಬ್ರೇಕಿಗೆ. ಹಳೆಯ ಟಾರ್ಚಿನ ಹಿತ್ತಾಳೆ ಪಟ್ಟಿ ಕಿತ್ತು ಬ್ರೇಕಿನ ಪೆಡಲಿನ ಹತ್ತಿರ ಸ್ವಿಚ್ಚು ಮಾಡಿದರು. ಪೆಡಲಿಗೂ ಪಟ್ಟಿಗೂ ಗಾಳಿಪಟದ ದಾರ. ತಂತಿಗಳನ್ನು ಗಾಡಿಯ ಮೈತುಂಬ ಓಡಿಸಿ, ಅಲ್ಲಲ್ಲಿ ಹೊಸೆದ ಹತ್ತಿಯಿಂದ ಬಿಗಿದರು. ಗಾಡಿ ಹಬ್ಬದ ದಿನದ ಎತ್ತಿನ ಹಾಗೆ ಕಾಣುತ್ತಿತ್ತು.

ಪರೀಕ್ಷೆಯ ಹೊತ್ತು ಬಂತು. ಅವರು ಸೀಟಿನ ಮೇಲೆ, ನಾನು ಹಿಂದೆ, ಅಕ್ಕ ಬಾಗಿಲಲ್ಲಿ.

"ಹತ್ತಿತೇನು?"

"ಹತ್ತಿತು ಭಾವ! ಮಂದ ಐತಿ, ಆದ್ರ ಹತ್ತೈತಿ!" ಎಂದು ಕಿರುಚಿದೆ. ಅವರೊಡನೆ ಮಾತಾಡುವುದೆಂದರೆ ಕಿರುಚುವುದೇ.

"ಈಗ ಬ್ರೇಕ್ ಒತ್ತತೀನಿ. ಇನ್ನೂ ಜೋರಾಗಿ ಹತ್ತತೈತಿ ನೋಡು!"

ಒತ್ತಿದರು. ಇದ್ದ ದೀಪವೂ ಆರಿತು! ಕಾಲು ತೆಗೆದರೆ ಮತ್ತೆ ಮಿಣಮಿಣ ಎಂದಿತು. ಮತ್ತೆ ಒತ್ತಿದರೆ ಮತ್ತೆ ಕತ್ತಲು. ಓಡುವಾಗ ಉರಿಯುವ, ನಿಂತರೆ ಆರುವ ದೀಪ! ಭಾವನವರು ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದರು.

"ಇದೂ ಒಂದು ಸುದ್ದೀನಽ ಅಲ್ಲೇನು? ಉರೀತಿದ್ರ ಹೊಂಟಾನ, ಆರಿದ್ರ ನಿಂತಾನ ಅಂತ ಹಿಂದಿನವ್ರು ತಿಳಕೊಂಡ್ರಾತು."

"ದೀಪ ಆರಿದ್ರ ಜನ ಏನಂತ ತಿಳಕೊಂತಾರ, ನನ್ನ ಬಾಯಿಂದ ಹೇಳಸಬ್ಯಾಡ್ರಿ" ಎಂದಳು ಅಕ್ಕ. ಅವಳ ಕೈ ತಾನಾಗಿ ಕೊರಳಿನ ತಾಳಿಗೆ ಹೋಗಿತ್ತು. ಭಾವನವರಿಗೆ ಮಾತು ಕೇಳಿಸಿತೋ ಇಲ್ಲವೋ, ಆ ಕೈ ಕಾಣಿಸಿತು. ತಮಾಷೆ ಅಲ್ಲಿಗೆ ನಿಂತಿತು.

ಮರುದಿನದಿಂದ ಅವರು ನಿಜವಾಗಿ ಹುಡುಕಲು ಕುಳಿತರು. ನಾನು ಹೇಳಿದೆ, "ಒಂದು ಸಲಕ್ಕ ಒಂದನ್ನೇ ಬದಲಿ ಮಾಡ್ರಿ ಭಾವ. ಆಗ ತಪ್ಪು ಎಲ್ಲಿ ಐತಿ ಅಂತ ಗೊತ್ತಾಗ್ತೈತಿ." "ಹೌದೌದು" ಎಂದರು. ಬಲ್ಬು, ಸ್ವಿಚ್ಚು, ತಂತಿ ಮೂರನ್ನೂ ಒಟ್ಟಿಗೆ ಕಿತ್ತರು! ಹೊಸದು ಹಾಕಿದರು. ದೀಪ ಮಂದವಾಗಿ ಉರಿಯಿತು. ಬ್ರೇಕ್ ಒತ್ತಿದರೆ ಆರಿತು. ಫ್ಯಾಕ್ಟರಿಯಿಂದ ಬ್ಯಾಟರಿ ಚಾರ್ಜು ಮಾಡಿಸಿಕೊಂಡು ಬಂದರು. ಉರಿಯಿತು, ಆರಿತು. ಗಾಳಿಪಟದ ದಾರ ಬಿಟ್ಟು ಸಣಬಿನ ದಾರ ಕಟ್ಟಿದರು. ಸಣಬಿಗೂ ಕರೆಂಟಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು!

ಕರೆಂಟು ಎಲ್ಲಿಯವರೆಗೆ ಬರುತ್ತಿದೆ ಎಂದು ತಿಳಿಯಲು ಅವರದೇ ಒಂದು ಪದ್ಧತಿ ಇತ್ತು. ಒಂದು ಕೈ ಗಾಡಿಯ ಕಬ್ಬಿಣದ ಮೇಲೆ, ನಾಲಿಗೆ ತಂತಿಯ ತುದಿಯ ಮೇಲೆ! ಹತ್ತಿಯನ್ನು ಬೆರಳಿನಲ್ಲಿ ಓದುವವರು ಕರೆಂಟನ್ನು ನಾಲಿಗೆಯಲ್ಲಿ ಓದುತ್ತಿದ್ದರು. ಬ್ಯಾಟರಿಯಿಂದ ಶುರು ಮಾಡಿ, ಅಲ್ಲಲ್ಲಿ ತಂತಿ ಬಿಚ್ಚಿ, ನೆಕ್ಕುತ್ತಾ ನೆಕ್ಕುತ್ತಾ ಹಿಂದಕ್ಕೆ ಬರುವುದು.

"ಇಲ್ಲಿ ಹುಳಿ ಐತಿ... ಇಲ್ಲೂ ಹುಳಿ ಐತಿ... ಬಲ್ಬಿನ ಬಾಯಿಮಟ ಹುಳೀನೇ ಬರಾಕತ್ತೈತಿ ಟೀಚರಮ್ಮಾ!"

ಓಣಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಮನುಷ್ಯ ಗಾಡಿಯನ್ನು ಪ್ರೀತಿಸಬಹುದು, ಹಾಗೆಂದು ನೆಕ್ಕುವುದೇ? ಎದುರುಮನೆಯ ಅಜ್ಜಿ ಕಟ್ಟೆಯ ಮೇಲಿಂದಲೇ ಕೂಗಿ ಕೇಳಿದಳು.

"ಹೆಂಗೈತಪ್ಪಾ ರುಚಿ?"

"ಉಪ್ಪು ಒಂಚೂರು ಕಮ್ಮಿ ಐತಿ ಅಜ್ಜೀ!"

ಹುಳಿ ಬಲ್ಬಿನವರೆಗೆ ಬರುತ್ತದೆ, ಬೆಳಕು ಮಾತ್ರ ಬರುವುದಿಲ್ಲ. ಅಷ್ಟು ಹೊತ್ತಿಗೆ ಭಾವನವರು ಹಳ್ಳಿಗಳಿಗೆ ನಡೆದು ನಡೆದು ಹಿಮ್ಮಡಿ ಒಡೆದುಕೊಂಡಿದ್ದರು. ಫ್ಯಾಕ್ಟರಿಯಲ್ಲಿ ಗೊಣಗಾಟ ಶುರುವಾಗಿತ್ತು. "ಒಂದು ಸಲ ಬಿಡು, ಕತ್ತಲಾಗೋದ್ರಾಗ ಬರ್ತೀನಿ" ಎಂದು ಅಕ್ಕನನ್ನು ಬೇಡಿಕೊಂಡರು. ಅಕ್ಕ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ರೊಟ್ಟಿಯ ಸದ್ದು ಎಂದಿಗಿಂತ ಜೋರಾಗಿತ್ತು. ಅದೇ ಉತ್ತರ.

ಕೊನೆಗೆ ತಪ್ಪು ಸಿಕ್ಕಿದ್ದು ಹೇಗೆ ಗೊತ್ತೇ? ಹೊದೆಯುವ ಕೌದಿಯಿಂದ!

ಆದವಾನಿಯ ಹತ್ತಿಯವರಿಗೆ ಒಂದು ಚಾಳಿ. ಏನೇ ಅಲುಗಾಡಿದರೂ ಅದರ ಕೆಳಗೆ ಹತ್ತಿ. ಮೇಜು ಅಲುಗಿದರೆ ಕಾಲಿಗೆ ಹತ್ತಿ, ಕಿಟಕಿ ಬಡಿದರೆ ಸಂದಿಗೆ ಹತ್ತಿ, ಗಡಿಯಾರದ ಸದ್ದಿಗೆ ನಿದ್ದೆ ಬರದಿದ್ದರೆ ಗಡಿಯಾರದ ಬೆನ್ನಿಗೆ ಹತ್ತಿ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಹೊಸ ಬಲ್ಬಿನ ಒಳಗಿನ ಎಳೆ ಕಡಿದುಹೋದೀತು ಎಂದು ಭಾವನವರು ದೀಪಕ್ಕೂ ಗಾಡಿಯ ಕಬ್ಬಿಣಕ್ಕೂ ನಡುವೆ ಒಂದು ಮೆತ್ತನೆಯ ಗಾದಿ ಇಟ್ಟಿದ್ದರು. ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ, ಎಳೆಗೂಸನ್ನು ಮಲಗಿಸುವಂತೆ! ಆ ಸಂಜೆ ಅಕ್ಕ ಕಸ ಗುಡಿಸುತ್ತಾ ಗಾಡಿಯ ಹಿಂದೆ ಬಂದಳು. ಭಾವನವರು ಸೀಟಿನ ಮೇಲೆ ಕುಳಿತು, ಬ್ರೇಕ್ ಒತ್ತಿ, ನಿಟ್ಟುಸಿರು ಬಿಡುತ್ತಿದ್ದರು. ದೀಪದ ಕೆಳಗಿಂದ ಹಳದಿ ಹೂವಿನ ಬಟ್ಟೆಯ ಚುಂಗು ಇಣುಕುತ್ತಿತ್ತು. ಅಕ್ಕ ಬಗ್ಗಿ ನೋಡಿದಳು.

"ಇದು ನಮ್ಮವ್ವ ಹೊಲಿದ ಕೌದಿ ಅಲ್ಲೇನು! ನನ್ನ ಕೌದಿ ಕತ್ತರಿಸೀರೇನು?"

ಚುಂಗು ಹಿಡಿದು ಸರ್ರನೆ ಎಳೆದೇಬಿಟ್ಟಳು. ಗಾದಿ ಕೈಗೆ ಬಂತು. ದೀಪ ಠಣ್ಣನೆ ಕಬ್ಬಿಣದ ಮೇಲೆ ಕುಳಿತಿತು.

ಮತ್ತು ಅಂಗಳ ಕೆಂಪಾಯಿತು! ಗೋಡೆ ಕೆಂಪು, ಕಸಬರಿಗೆ ಕೆಂಪು, ಕೌದಿಯ ತುಂಡು ಹಿಡಿದು ನಿಂತ ಅಕ್ಕನ ಮುಖ ಕೆಂಪು. ಆ ಕೆಂಪು ಸಿಟ್ಟಿನದೋ ದೀಪದ್ದೋ ಹೇಳುವುದು ಕಷ್ಟವಿತ್ತು. "ಒತ್ತೇ ಇರ್ರಿ ಭಾವ, ಬಿಡಬ್ಯಾಡ್ರಿ!" ಎಂದು ನಾನು ಕಿರುಚಿದೆ. ಬಿಟ್ಟು ಒತ್ತಿದರು. ಬಿಟ್ಟರೆ ಸಣ್ಣ ಬೆಳಕು, ಒತ್ತಿದರೆ ದೊಡ್ಡ ಬೆಳಕು. ಆರಲೇ ಇಲ್ಲ!

ಆಮೇಲೆ ಯೋಚಿಸಿದರೆ ಎಲ್ಲ ಸರಳ. ಗಾಡಿಯಲ್ಲಿ ಕರೆಂಟು ತಂತಿಯ ಮೇಲೆ ದೀಪಕ್ಕೆ ಹೋಗುತ್ತದೆ. ವಾಪಸು ಬರಲು ತಂತಿಯಿಲ್ಲ, ಗಾಡಿಯ ಕಬ್ಬಿಣದ ಮೈಯಲ್ಲೇ ನಡೆದು ಬ್ಯಾಟರಿಗೆ ಬರಬೇಕು. ಭಾವನವರು ಆ ದಾರಿಗೇ ಹತ್ತಿ ತುರುಕಿದ್ದರು. ಒಂದು ತುಕ್ಕು ಹಿಡಿದ ಸ್ಕ್ರೂ ಮಾತ್ರ ತಾಗುತ್ತಿತ್ತು. ಆ ಸಂದಿಯಲ್ಲಿ ಒಂದು ದೀಪದ ಕರೆಂಟು ಹೇಗೋ ನುಸುಳಿ ಬರುತ್ತಿತ್ತು. ಬ್ರೇಕಿನದೂ ನುಗ್ಗಿದರೆ ಇಬ್ಬರಿಗೂ ದಾರಿಯಿಲ್ಲ, ಎರಡೂ ಕತ್ತಲು.

"ನೋಡು ಟೀಚರಮ್ಮಾ," ಎಂದರು ಭಾವನವರು, ತಾವೇ ಕಂಡುಹಿಡಿದವರಂತೆ. "ನಾನು ಮೆತ್ತನ ಹಾಸಿಗಿ ಹಾಕಿಕೊಟ್ಟಿದ್ದೆ, ಕರೆಂಟು ಮಲಕ್ಕೊಂಡುಬಿಟ್ಟಿತ್ತು. ನಿಮ್ಮಕ್ಕ ಹಾಸಿಗಿ ಎಳದಳು, ಎದ್ದು ಕುಂತೈತಿ!"

ಪೆಟ್ರೋಲಿನ ಡಬ್ಬಿ ಹೊರಗೆ ಬಂತು. ದೇವರಿಗೆ ಒಳಗೆ ದೀಪ ಹತ್ತಿತು. ಮರುದಿನ ಬೆಳಿಗ್ಗೆ ಭಾವನವರು ಕೋಸಗಿಯ ಕಡೆ ಹೊರಟರು. ಅಕ್ಕ ಒಂದೇ ಮಾತು ಹೇಳಿದಳು, ಅವರ ಬಲಗಿವಿಯ ಹತ್ತಿರ, ಹತ್ತಿ ತುರುಕುವ ಮೊದಲು: "ದೀಪ ಮರೀಬ್ಯಾಡ್ರಿ."

ಅಂದು ಸಂಜೆ ದೀಪ ಹಚ್ಚುವ ಹೊತ್ತಾಯಿತು. ಭಾವನವರು ಬರಲಿಲ್ಲ. ನಾನು ದಿನದಂತೆ ಮಕ್ಕಳ ಕಾಪಿ ತಿದ್ದಲು ಕುಳಿತೆ. ತಿದ್ದಿದ್ದನ್ನೇ ಮತ್ತೆ ತಿದ್ದಿದೆ. ಅಕ್ಕ ಕಟ್ಟೆಯ ಮೇಲೆ ಕುಳಿತಿದ್ದಳು. ಎದುರುಮನೆಯ ಅಜ್ಜಿಯ ಮಗ ಬಸ್ಟ್ಯಾಂಡಿನ ಕಡೆಯಿಂದ ಬಂದ. "ಕೋಸಗಿ ಬಸ್ಸು ಇನ್ನಾ ಬಂದಿಲ್ಲಕ್ಕಾ" ಎಂದ. ಪಾಪ, ಸಮಾಧಾನಕ್ಕೆಂದೇ ಹೇಳಿದ. ಆದರೆ ಅದೇ ದಾರಿಯಲ್ಲಿ ಬರುವ ಇಬ್ಬರೂ ಬಂದಿಲ್ಲ ಎಂದರೆ ಏನರ್ಥ? ಅಕ್ಕ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ.

"ಗುದ್ದಿದ್ರ ಸುದ್ದಿ ಬರ್ತಿತ್ತಲ್ಲ?" ಎಂದಳು.

"ಏನೂ ಆಗಿರಂಗಿಲ್ಲ. ಹತ್ತಿ ಕಂಡಿರಬೇಕು, ನಿಂತಾರ" ಎಂದೆ.

"ಅದಽ ನನ್ನ ಹೆದರಿಕಿ."

ಆಗ ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಒಂದೇ ಸಮನೆ, ಅಳುವ ಮಗುವಿನಂತೆ ಬಿಡದೆ. ಹಾರನ್ನಿನ ನಡುವೆ ಎತ್ತಿನ ಗಂಟೆಗಳು. ಗಂಟೆಗಳ ನಡುವೆ ಡುಗು ಡುಗು ಡುಗು. ನಾವಿಬ್ಬರೂ ಓಣಿಯ ನಡುವೆ ಹೋಗಿ ನಿಂತೆವು.

ಓಣಿಯ ತಿರುವಿನಲ್ಲಿ ಭಾವನವರು ಕಾಣಿಸಿದರು. ಎತ್ತು ನಡೆಯುವುದಕ್ಕಿಂತ ಒಂದು ಚೂರೂ ಜೋರಿಲ್ಲದೆ, ನೆಟ್ಟಗೆ ಕುಳಿತು, ರಾಜನಂತೆ ಬರುತ್ತಿದ್ದರು. ಅವರ ಹಿಂದೆ ಹತ್ತಿ ತುಂಬಿದ ಒಂದು ಬಂಡಿ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು! ತಿರುವು ಮುಗಿಯುವುದರೊಳಗೆ ಓಣಿ ಬಂಡಿಗಳಿಂದ ತುಂಬಿತು. ಬಂಡಿಗಳ ಮೇಲೆ, ಹತ್ತಿಯ ರಾಶಿಯಲ್ಲಿ, ಬಂಡಿಯವರೆಲ್ಲ ಗಾಢ ನಿದ್ದೆಯಲ್ಲಿದ್ದರು!

ನಮ್ಮ ಕಡೆ ಬಂಡಿಗಳು ಸಾಲಾಗಿ ಆದವಾನಿ ಮಾರ್ಕೆಟ್ಟಿಗೆ ಬರುವ ರೀತಿ ಅದು. ನಸುಕಿನಲ್ಲೇ ಹೊರಟವರು ಸಂಜೆಯ ಹೊತ್ತಿಗೆ ನಿದ್ದೆಹೋಗುತ್ತಾರೆ. ಎತ್ತುಗಳು ಮುಂದಿನ ಬಂಡಿಯ ಕೆಳಗೆ ತೂಗುವ ಕಂದೀಲು ನೋಡಿಕೊಂಡು ತಾವೇ ನಡೆಯುತ್ತವೆ. ಆ ವರ್ಷ ಸೀಮೆಎಣ್ಣೆಯೂ ರೇಷನ್ನು. ಒಂದು ಬಂಡಿಗೂ ಕಂದೀಲಿಲ್ಲ. ಮೊದಲ ಜೋಡಿ ಎತ್ತಿಗೆ ಎದುರಿಗೆ ಒಂದು ಬೆಳಕು ಕಂಡಿದೆ. ತನ್ನದೇ ಸಾಲಿನ ಬಂಡಿ ಎಂದುಕೊಂಡು ಬೆನ್ನು ಹತ್ತಿದೆ. ಮಾರ್ಕೆಟ್ಟಿನ ದಾರಿ ಬಿಟ್ಟು ನಮ್ಮ ಓಣಿಗೆ!

ಭಾವನವರು ಮನೆಯ ಮುಂದೆ ನಿಂತರು. ಬಂಡಿಗಳು ಒಂದೊಂದಾಗಿ ನಿಂತವು. ಮೊದಲ ಬಂಡಿಯವನು ಕಣ್ಣುಜ್ಜುತ್ತಾ ಎದ್ದು, "ಏಂ ಸಾಮೀ, ಮಾರ್ಕೆಟ್ ಒಚ್ಚಿಂದಾ?" ಎಂದ, ಮಾರ್ಕೆಟ್ಟು ಬಂತೇ ಎಂದು ತೆಲುಗಿನಲ್ಲಿ.

"ಹಿಂದ ಯಾರೂ ಇರಲಿಲ್ಲ ಟೀಚರಮ್ಮಾ, ಆರಾಮಾಗಿ ಬಂದೆ" ಎನ್ನುತ್ತಾ ಇಳಿದು ತಿರುಗಿದರು ಭಾವನವರು. ಎತ್ತಿನ ಮೂಗು ಅವರ ಮೂಗಿಗೆ ತಾಗಿತು. ಬೇರೆ ಯಾರಾದರೂ ಆಗಿದ್ದರೆ ಬೆಚ್ಚುತ್ತಿದ್ದರು. ಇವರು ಎತ್ತನ್ನು ಸರಿಸಿ, ಬಂಡಿಗೆ ಕೈಹಾಕಿ, ಒಂದು ಚಿಟಿಕೆ ಹತ್ತಿ ಎಳೆದು, "ಯಾ ಊರಿಂದಪ್ಪಾ ಇದು? ಚೊಲೊ ಎಳಿ ಐತಲ್ಲ!" ಎಂದರು.

"ಇಷ್ಟು ನಿಧಾನ ಯಾಕ ಬಂದ್ರಿ?" ಎಂದು ನಾನು ಕಿರುಚಿದೆ.

"ಬ್ರೇಕ್ ಒತ್ತಿದ್ರನಽ ಅಲ್ಲೇನು ದೊಡ್ಡ ದೀಪ ಹತ್ತೋದು? ನಿಮ್ಮಕ್ಕ ಹೆದರತಾಳಂತ ದಾರಿ ಉದ್ದಕ್ಕೂ ಒತ್ತಿಕೊಂಡಽ ಬಂದೀನಿ!"

ಅಷ್ಟರಲ್ಲಿ ಡ್ರೈವರ್ ಸಾಬರು ಬಂಡಿಗಳ ನಡುವೆ ನುಸುಳಿಕೊಂಡು ಬಂದರು. ಬೆವರಿಳಿಯುತ್ತಿತ್ತು. ಬೈಯುತ್ತಾರೆ ಎಂದುಕೊಂಡೆ. ಅವರು ಕಟ್ಟೆಯ ಮೇಲೆ ಕುಳಿತು, ಟೊಪ್ಪಿಗೆ ತೆಗೆದರು.

"ಅಮ್ಮಾ, ಹಳ್ಳದ ಇಳಿಜಾರು ಗೊತ್ತಲ್ಲ? ಅಲ್ಲಿ ಬಸ್ಸು ನನ್ನ ಮಾತು ಕೇಳಂಗಿಲ್ಲ. ಇವತ್ತು ಇಳಿಯೋಕ ಮೊದಲು ನೋಡ್ತೀನಿ, ಹಳ್ಳದ ಆಚಿ ದಡದಾಗ ಕೆಂಪಗ ಒಂದು ಬೆಳಕು. ಯಾರೋ ನಿಂತಾರ ಅಂತ ಮ್ಯಾಲೇ ಸ್ಲೋ ಮಾಡಿದೆ. ಕೆಳಗ ಇಳದು ನೋಡಿದ್ರ, ಹಳ್ಳದ ತುಂಬ ಬಂಡಿ! ಒಂದಕ್ಕೂ ಕಂದೀಲಿಲ್ಲ, ಎಲ್ಲಾರೂ ನಿದ್ದಿ. ಆ ಕೆಂಪು ಕಾಣಲಿಲ್ಲ ಅಂದ್ರ..." ಮುಂದೆ ಹೇಳದೆ ನೀರು ಕೇಳಿದರು.

ಅಕ್ಕ ಒಳಗೆ ಓಡಿದಳು. ಸಾಬರಿಗೆ ಕೊಟ್ಟಳು, ಬಂಡಿಯವರಿಗೆ ಕೊಟ್ಟಳು, ಎತ್ತುಗಳ ಮುಂದೆ ನೀರಿನ ಬಾನಿಯನ್ನೇ ಎಳೆದು ತಂದಿಟ್ಟಳು. ಓಣಿಯಲ್ಲಿ ನಗುವೋ ನಗು. ಬಂಡಿಗಳನ್ನು ಆ ಇಕ್ಕಟ್ಟಿನಲ್ಲಿ ತಿರುಗಿಸುವ ಗದ್ದಲದಲ್ಲಿ ಎದುರುಮನೆಯ ಅಜ್ಜಿಯೂ ಕೋಲು ಹಿಡಿದು ನಿಂತು ಎತ್ತುಗಳಿಗೆ ಬುದ್ಧಿ ಹೇಳುತ್ತಿದ್ದಳು. ಕೊನೆಯ ಬಂಡಿಯೂ ತಿರುವು ದಾಟಿದ ಮೇಲೆ ಸಾಬರ ಬಸ್ಸು ಕೆಮ್ಮುತ್ತಾ ಹೊರಟುಹೋಯಿತು.

ಭಾವನವರು ಮತ್ತೆ ಗಾಡಿ ಹತ್ತಿ ಅಂಗಳದೊಳಗೆ ತಂದು ನಿಲ್ಲಿಸಿದರು. ಕಾಲು ಇನ್ನೂ ಬ್ರೇಕಿನ ಮೇಲೆಯೇ ಇತ್ತು. ಅಕ್ಕ ಹಿಂದೆ ಹೋದಳು. ಆ ಗಾಡಿಯನ್ನು ಎಂದೂ ಪ್ರೀತಿಯಿಂದ ಮುಟ್ಟಿದವಳಲ್ಲ. ಸೆರಗಿನಿಂದ ಕೆಂಪು ಗಾಜಿನ ಧೂಳು ಒರೆಸಿದಳು. ಒರೆಸಿದವಳು ಅಂಗೈಯನ್ನು ಅಲ್ಲೇ ಗಾಜಿನ ಮೇಲೆ ಇಟ್ಟುಬಿಟ್ಟಳು. ಬೆರಳುಗಳ ಸಂದಿಯಿಂದ ಬೆಳಕು ಕೆಂಪಗೆ ಇಳಿಯುತ್ತಿತ್ತು.

ಭಾವನವರು ಹೊರಳಿ ನೋಡಿದರು. "ಮುಚ್ಚಬ್ಯಾಡಽ! ಹಿಂದಿನವ್ರಿಗೆ ಕಾಣಂಗಿಲ್ಲ!"

"ಹಿಂದ ಇರಾಕಿ ನಾನಽ" ಎಂದಳು ಅಕ್ಕ, ಬಹಳ ಮೆಲ್ಲಗೆ. "ನನಗ ಕಾಣತೈತಿ."

ಭಾವನವರು ನನ್ನ ಕಡೆ ತಿರುಗಿ, "ಏನಂದಳು?" ಎಂದು ಕೇಳಿದರು. ಯಾರು ಏನೇ ಹೇಳಿದರೂ ಅದನ್ನು ಅವರಿಗೆ ಕೂಗಿ ಮುಟ್ಟಿಸುವುದು ಆ ಮನೆಯಲ್ಲಿ ನನ್ನ ಕೆಲಸವಾಗಿತ್ತು. ಅಂದು ಮಾತ್ರ ಕೂಗುವ ಬದಲು ನಾನು ಅಕ್ಕನ ಕೈಯನ್ನು ತೋರಿಸಿದೆ. ಅವರು ನೋಡಿದರು. ಬ್ಯಾಟರಿ ಇಳಿದುಹೋಗುತ್ತದೆ ಎಂದು ಗೊತ್ತಿದ್ದೂ ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ.